ಸೊನ್ನೆಯ ಸರದಿ

ತ್ರ್ಯಂಬಕ ಕೇಳಿದ್ದು ಯಾಕೆ ನಿಂತಿತು ಎಂದಲ್ಲ, ಯಾರು ನಿಲ್ಲಿಸಿದ್ದು ಎಂದು.

"ಯಾರೂ ನಿಲ್ಲಿಸಿಲ್ಲ ಸರ್. ಅದೇ ನಿಂತಿದೆ," ಎಂದಳು ಚೇತನಾ.

"ಅದೇ ನಿಲ್ಲಕ್ಕೆ ಅದೇನು ಎಮ್ಮೆಯಾ? ನಿನ್ನೆ ನಾನು ಹೋಗುವಾಗ ಓಡ್ತಾ ಇತ್ತು. ನೀನು ಎಂತದೋ ಮುಟ್ಟಿದೀಯ."

"ನೀವು ಹೇಳಿದ್ದನ್ನೇ ಮುಟ್ಟಿದ್ದು. ಚಾನೆಲ್ ಎರಡಿತ್ತು. ಒಂದು ಮಾಡು ಅಂದ್ರಿ. ಒಂದು ಮಾಡ್ದೆ."

ಅವನು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ. ಪರದೆಯ ಮೇಲೆ ಹಸಿರು ಅಕ್ಷರಗಳು ಕದಲದೆ ನಿಂತಿದ್ದವು. ಕಿಟಕಿಯಾಚೆ ಕೊಪ್ಪದ ಬಸ್ ನಿಲ್ದಾಣದಲ್ಲಿ ಯಾರೋ ಶಿವಮೊಗ್ಗ, ಶಿವಮೊಗ್ಗ ಎಂದು ಕೂಗುತ್ತಿದ್ದರು.

ಕಾಲೇಜು ಖಾಸಗಿಯದು. ತ್ರ್ಯಂಬಕ ಅಲ್ಲಿ ಕಂಪ್ಯೂಟರ್ ವಿಜ್ಞಾನದ ಉಪನ್ಯಾಸಕ, ಶೃಂಗೇರಿಯ ಕಡೆಯವನು. ಅವನ ಸೋದರಮಾವ ಆಡಳಿತ ಮಂಡಳಿಯಲ್ಲಿದ್ದರು. ಅದನ್ನು ಅವನು ಯಾರಿಗೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಬಿದ್ದಿರಲಿಲ್ಲ. ಚೇತನಾ ಪ್ರಯೋಗಾಲಯದ ಸಹಾಯಕಿ. ಶೆಟ್ಟಿಕೊಪ್ಪದ ಕೂಲಿ ಮನೆಯ ಹುಡುಗಿ. ದೂರಶಿಕ್ಷಣದಲ್ಲಿ ಎಂಸಿಎ ಮುಗಿಸಿದ್ದಳು. ಪ್ರತಿ ಜೂನ್‌ನಲ್ಲಿ ಅವಳಿಗೆ ಹೊಸ ಆದೇಶ ಬರಬೇಕು, ಬರದಿದ್ದರೆ ಮನೆ.

ಉಪನ್ಯಾಸಕಿ ಹುದ್ದೆಗೆ ಅರ್ಜಿ ಹಾಕಲು ಅವಳಲ್ಲಿ ಎಲ್ಲವೂ ಇತ್ತು, ಅಚ್ಚಾದ ಲೇಖನ ಒಂದು ಬಿಟ್ಟು. ತ್ರ್ಯಂಬಕನಿಗೆ ಎಂಫಿಲ್ ಮುಗಿಸಲು ಅಂಥದೇ ಒಂದು ಬೇಕಿತ್ತು. ಮಾರ್ಚ್‌ನಲ್ಲಿ ಕಾಲೇಜಿನಲ್ಲೇ ವಿಚಾರ ಸಂಕಿರಣ. ಅಲ್ಲಿ ಮಂಡಿಸುವ ಲೇಖನಗಳು ಆ ದಿನಕ್ಕೇ ಪುಸ್ತಕವಾಗಿ ಬರುತ್ತವೆ. "ಪ್ರೋಗ್ರಾಂ ನೀನು ಮಾಡು, ಎರಡನೇ ಹೆಸರು ನಿಂದು," ಎಂದು ಅವನು ದಸರಾ ರಜೆಗೆ ಮುಂಚೆಯೇ ಹೇಳಿದ್ದ. ಅಂದಿನಿಂದ ಪ್ರೋಗ್ರಾಂ ಅವಳೇ ಮಾಡುತ್ತಿದ್ದಳು.

ಹದಿನಾರು ಪ್ರೊಸೆಸರ್‌ಗಳು ಸೇರಿ ದುಡಿಯುವಂಥ ಕಂಪ್ಯೂಟರ್ ಕೊಪ್ಪದಲ್ಲಿರಲಿಲ್ಲ. ಸಿಮ್ಯುಲೇಟರ್ ಎಂಬ ಪ್ರೋಗ್ರಾಂ ಅಂಥದೊಂದು ಇದೆ ಎಂದುಕೊಂಡು ಅದರ ಓಟವನ್ನು ಲೆಕ್ಕ ಹಾಕುತ್ತಿತ್ತು. ಪ್ರೊಸೆಸರ್‌ಗಳು ಚೌಕಾಬಾರದ ಮನೆಗಳ ಹಾಗೆ, ಆದರೆ ನಾಲ್ಕೇ ಅಡ್ಡಸಾಲು, ನಾಲ್ಕೇ ಕಂಬಸಾಲು. ಸೊನ್ನೆಯಿಂದ ಹದಿನೈದರವರೆಗೆ ಅವಕ್ಕೆ ಸಂಖ್ಯೆ. ಒಂದು ಮನೆಯಿಂದ ಇನ್ನೊಂದಕ್ಕೆ ಸಂದೇಶ ಹೋಗಬೇಕಾದರೆ ನಡುವಿನ ಮನೆಗಳನ್ನು ದಾಟಿಯೇ ಹೋಗಬೇಕು. ಕೊಂಡಿಯ ವೇಗ ಎಷ್ಟು, ಪ್ರತಿ ಮನೆಯಲ್ಲಿ ಎಷ್ಟು ಸಂದೇಶ ಕಾಯಬಹುದು, ಒಂದು ಕೊಂಡಿಯಲ್ಲಿ ಎಷ್ಟು ಚಾನೆಲ್, ಅಂದರೆ ಎಷ್ಟು ಸಾಲು, ದಾರಿ ಆರಿಸುವ ಕ್ರಮ ಯಾವುದು, ಇವನ್ನೆಲ್ಲ ಒಂದು ಫೈಲಿನಲ್ಲಿ ಬರೆದುಕೊಟ್ಟರೆ ಸಿಮ್ಯುಲೇಟರ್ ಓಡಿ, ಸಂದೇಶವೊಂದು ತಲುಪಲು ಸರಾಸರಿ ಎಷ್ಟು ಹೊತ್ತು ಹಿಡಿಯಿತು ಎಂದು ಹೇಳುತ್ತಿತ್ತು.

ಸಾಮಾನ್ಯವಾದ ಕ್ರಮ ಸುಲಭದ್ದು: ಮೊದಲು ಅಡ್ಡ ಹೋಗು, ಆಮೇಲೆ ಉದ್ದ ಹೋಗು. ಆ ಕ್ರಮದಲ್ಲಿ ಯಾವುದೂ ಸಿಕ್ಕಿಬೀಳುವುದಿಲ್ಲ. ತ್ರ್ಯಂಬಕನ ಲೇಖನದ ವಾದ ಬೇರೆ. ಸಂದೇಶ ಎಲ್ಲಿ ಖಾಲಿ ಇದೆಯೋ ಅಲ್ಲಿ ನುಗ್ಗಲಿ, ಅದೂ ಒಂದೇ ಚಾನೆಲ್‌ನಲ್ಲಿ. ಕಡಿಮೆ ಖರ್ಚು, ಹೆಚ್ಚು ವೇಗ. ಶೀರ್ಷಿಕೆಯನ್ನು ಅವನು ಆಗಲೇ ಸಂಘಟಕರಿಗೆ ಕೊಟ್ಟಾಗಿತ್ತು.

"ನೋಡಿ," ಚೇತನಾ ಕಾಗದದ ಮೇಲೆ ನಾಲ್ಕು ಮನೆ ಬರೆದಳು. "ಇದು ಅದರ ಜಾಗಕ್ಕೆ ಕಾಯ್ತಿದೆ. ಅದು ಮೂರನೇದರ ಜಾಗಕ್ಕೆ. ಮೂರನೇದು ಕಡೇದಕ್ಕೆ. ಕಡೇದು ಮೊದಲನೇದಕ್ಕೆ. ಸುತ್ತು. ಯಾವುದೂ ಬಿಡಲ್ಲ, ಯಾವುದೂ ಹೋಗಲ್ಲ. ಚಾನೆಲ್ ಎರಡಿದ್ರೆ ತಪ್ಪಿಸಬಹುದು."

"ಎರಡು ಅಂದ್ರೆ ನನ್ನ ಲೇಖನ ಎಲ್ಲಿ ಉಳೀತು ಮಾರಾಯ್ತಿ? ಎರಡು ಹಾಕಿ ಓಡಿಸೋದಕ್ಕೆ ನಾನು ಬೇಕಾ, ಯಾರಾದ್ರೂ ಓಡಿಸ್ತಾರೆ."

"ಮತ್ತೆ ಇದು ನಿಲ್ತದೆ."

"ನಿಲ್ಲಬಾರದು. ನಾಳೆ ಮಧ್ಯಾಹ್ನದ ಒಳಗೆ." ಅವನು ಎದ್ದ. "ಹೆಸರು ಬೇಕು ಅಂದ್ರೆ ಸ್ವಲ್ಪ ತಲೆಯೂ ಕೊಡಬೇಕಾಗ್ತದೆ. ಬರೀ ಬೆರಳು ಕೊಟ್ರೆ ಟೈಪಿಸ್ಟ್ ಅಂತಾರೆ."

ಸಂಜೆ ಅವಳು ಅಣ್ಣನ ಜೀಪಿನಲ್ಲಿ ಮನೆಗೆ ಹೊರಟಳು. ಸತೀಶ ಬಾಡಿಗೆ ಓಡಿಸುತ್ತಿದ್ದ; ತೋಟಗಳಿಗೆ ಗೊಬ್ಬರ, ಅಲ್ಲಿಂದ ಅಡಿಕೆ, ನಡುವೆ ಆಳುಗಳು. ಹೆಚ್ಚಿನ ಬಾಡಿಗೆ ಕಲ್ಲೇಶಪ್ಪನವರ ತೋಟದ್ದೇ. ಮುಖ್ಯರಸ್ತೆಯಿಂದ ಅವರ ಕೇರಿಗೆ ತಿರುಗಿದ ಮೇಲೆ ಹಳ್ಳಕ್ಕೆ ಒಂದು ಮೋರಿ ಕಟ್ಟಿದ್ದರು. ಅದರ ಮೇಲೆ ಒಂದು ಗಾಡಿ ಮಾತ್ರ ಹೋಗಬಹುದಾದಷ್ಟು ಅಗಲ.

ಜೀಪು ಮೋರಿಯ ಅರ್ಧಕ್ಕೆ ಬಂದಾಗ ಆ ಕಡೆಯಿಂದ ಕಲ್ಲೇಶಪ್ಪನವರ ಬಿಳಿ ಕಾರು ಬಂದು ಮೋರಿಯ ಬಾಯಲ್ಲಿ ನಿಂತಿತು. ಹಾರ್ನ್ ಹಾಕಲಿಲ್ಲ. ಸುಮ್ಮನೆ ನಿಂತಿತು. ಸತೀಶ ಬೀಡಿಯನ್ನು ತುಟಿಗೆ ಕಚ್ಚಿಕೊಂಡು, ತಲೆ ಹೊರಗೆ ಹಾಕಿ, ರಿವರ್ಸ್ ಹೊಡೆದು ಹಲಸಿನ ಮರದ ತನಕ ಹಿಂದೆ ಬಂದ. ಕಾರು ಹೋಯಿತು. ಸತೀಶ ಮತ್ತೆ ಮುಂದಿನ ಗೇರು ಹಾಕಿದ. ಇಬ್ಬರಿಗೂ ಅದು ಮಾತಾಡುವ ವಿಷಯವಾಗಿರಲಿಲ್ಲ. ಅವರಪ್ಪ ವೆಂಕಟಯ್ಯ ಎತ್ತಿನ ಗಾಡಿ ಹೊಡೆಯುತ್ತಿದ್ದಾಗಲೂ ಎತ್ತುಗಳನ್ನು ಹಿಂದೆ ನಡೆಸುತ್ತಿದ್ದುದು ಅಪ್ಪನೇ.

ಮನೆ ಮುಟ್ಟುವ ಮೊದಲೇ ಚೇತನಾಗೆ ಉತ್ತರ ಸಿಕ್ಕಿತ್ತು. ಸಿಕ್ಕಿಬಿದ್ದವರಲ್ಲಿ ಒಬ್ಬರು ಹಿಂದೆ ಹೋಗಬೇಕು. ಹೊರಟ ಮನೆಗೇ ವಾಪಸ್ಸು ಹೋಗಿ, ಮತ್ತೆ ಹೊರಡಬೇಕು. ಅಷ್ಟೇ.

ಮರುದಿನ ಬೆಳಿಗ್ಗೆ ಅವಳು ಅದನ್ನು ಬರೆದಳು. ಇಷ್ಟು ಹೊತ್ತು ಕದಲದೆ ನಿಂತರೆ ಸಿಕ್ಕಿಬಿದ್ದಿದೆ ಎಂದು ತಿಳಿಯಬೇಕು ಎನ್ನುವುದಕ್ಕೆ ಫೈಲಿಗೆ ಹೊಸದೊಂದು ಸಂಖ್ಯೆ ಸೇರಿಸಿದಳು. ಯಾರು ಹಿಂದೆ ಹೋಗಬೇಕು ಎನ್ನುವುದಕ್ಕೆ ಒಂದು ಸಾಲು ಬೇಕಿತ್ತು. ಯಾವ ಮನೆಯ ಸಂಖ್ಯೆ ಚಿಕ್ಕದೋ ಆ ಮನೆಯಿಂದ ಹೊರಟ ಸಂದೇಶ ಹಿಂದೆ ಹೋಗಲಿ ಎಂದು ಬರೆದಳು. ಬೇರೆ ಯಾವ ಸಾಲೂ ಅವಳ ತಲೆಗೆ ಬರಲಿಲ್ಲ. ಇದನ್ನು ಬರೆಯುವಾಗ ಕೈ ನಿಲ್ಲಲೂ ಇಲ್ಲ.

ಓಡಿತು. ಸಂದಣಿ ಹೆಚ್ಚಿಸಿದಳು, ಆದರೂ ಓಡಿತು. ತ್ರ್ಯಂಬಕನ ಕ್ರಮದ ಸರಾಸರಿ, ಸಾಮಾನ್ಯ ಕ್ರಮದ ಸರಾಸರಿಗಿಂತ ಎಲ್ಲ ಕಡೆ ಕೆಳಗೇ ಇತ್ತು. ಗ್ರಾಫ್ ನೋಡಿ ಅವನು ಮೊದಲ ಬಾರಿಗೆ ಅವಳಿಗೆ ಕ್ಯಾಂಟೀನಿನಿಂದ ಚಾ ತರಿಸಿದ.

"ನೋಡು, ಬೈದ್ರೆ ಕೆಲಸ ಆಗ್ತದೆ," ಎಂದ.

ವಾರದ ಕೊನೆಗೆ ಅವಳು ಇನ್ನೊಂದು ಕೋಷ್ಟಕ ತೆಗೆದಳು. ಯಾರೂ ಕೇಳಿರಲಿಲ್ಲ. ಯಾವ ಮನೆಯಿಂದ ಹೊರಟ ಸಂದೇಶಗಳಲ್ಲಿ ಎಷ್ಟು ತಲುಪಿವೆ ಎಂದು ನೋಡುವ ಕುತೂಹಲ ಅಷ್ಟೇ. ಹದಿನೈದನೆಯ ಮನೆಯವು ಎಲ್ಲವೂ ತಲುಪಿದ್ದವು. ಸಂಖ್ಯೆ ಇಳಿಯುತ್ತ ಹೋದ ಹಾಗೆ ಕಡಿಮೆಯಾಗುತ್ತ ಬಂದವು. ಸೊನ್ನೆಯ ಮನೆಯಿಂದ ಪಕ್ಕದ ಎರಡು ಮನೆಗಳಿಗೆ ಹೋಗುವವು ಬಿಟ್ಟರೆ ಒಂದೂ ತಲುಪಿರಲಿಲ್ಲ. ಹೊರಡುತ್ತಿದ್ದವು, ಎದುರಿಗೆ ಯಾರೋ ಸಿಗುತ್ತಿದ್ದರು, ಹಿಂದೆ ಬರುತ್ತಿದ್ದವು, ಮತ್ತೆ ಹೊರಡುತ್ತಿದ್ದವು. ಸಿಮ್ಯುಲೇಟರ್ ಮುಗಿಯುವವರೆಗೂ ಅದೇ.

ತಲುಪದ ಸಂದೇಶಕ್ಕೆ ತಲುಪಿದ ಹೊತ್ತು ಎಂಬುದಿಲ್ಲ. ಹಾಗಾಗಿ ಅವು ಸರಾಸರಿಗೆ ಸೇರಿರಲಿಲ್ಲ. ಗ್ರಾಫ್ ಅಷ್ಟು ಚೆಂದ ಬಂದಿದ್ದು ಅದರಿಂದ.

ಅವಳು ಅದನ್ನು ತ್ರ್ಯಂಬಕನ ಮೇಜಿಗೆ ಒಯ್ದಳು. ಅವನು ಉತ್ತರಪತ್ರಿಕೆ ತಿದ್ದುತ್ತಿದ್ದ. ತಲೆ ಎತ್ತದೆ ಕೇಳಿಸಿಕೊಂಡ.

"ಸರಾಸರಿ ಬದಲಾಯ್ತಾ?"

"ಇಲ್ಲ. ಆದ್ರೆ ಆ ಸರಾಸರಿ ಸುಳ್ಳು ಸರ್."

"ಸುಳ್ಳು ಅಲ್ಲ. ತಲುಪಿದ್ದರ ಸರಾಸರಿ. ಹಾಗೇ ಬರೀತೀನಿ, ತಲುಪಿದ ಸಂದೇಶಗಳ ಸರಾಸರಿ ಅಂತ."

"ಸೊನ್ನೆಯಿಂದ ಒಂದೂ ಹೋಗ್ತಿಲ್ಲ. ಅಲ್ಲೂ ಒಂದು ಪ್ರೊಸೆಸರ್ ಇದೆ. ಅದು ಕಾಯ್ತಾ ಕೂತಿರ್ತದೆ."

"ಯಾರಾದ್ರೂ ಒಬ್ರು ಹಿಂದೆ ಹೋಗ್ಲೇಬೇಕಲ್ಲ. ಇಲ್ದಿದ್ರೆ ಎಲ್ಲ ನಿಲ್ತದೆ. ನೀನೇ ಹೇಳಿದ್ದು."

"ಯಾವಾಗ್ಲೂ ಅದೇ ಒಬ್ರು ಎಂತಕ್ಕೆ?"

ಅವನು ಈಗ ತಲೆ ಎತ್ತಿದ. ಕೆಂಪು ಪೆನ್ನಿನ ಕ್ಯಾಪು ಹಾಕಿದ.

"ಅದನ್ನ ನನ್ನ ಕೇಳ್ತೀಯ? ಬರೆದೋಳು ನೀನು. ನಾನು ಸೊನ್ನೆ ಹಿಂದೆ ಹೋಗ್ಲಿ ಅಂದಿದ್ನಾ?"

ಅವನು ಅಂದಿರಲಿಲ್ಲ. ಚೇತನಾ ಕಾಗದ ಮಡಚಿಕೊಂಡು ಪ್ರಯೋಗಾಲಯಕ್ಕೆ ಬಂದಳು. ಆ ಸಾಲನ್ನು ತೆರೆದು ನೋಡಿದಳು. ಪರದೆಯಲ್ಲಿ ಅದು ಬೇರೆಯವರು ಬರೆದ ಹಾಗೆ ಕಾಣಿಸಲಿಲ್ಲ. ಅವಳದೇ ಸಾಲು. ತ್ರ್ಯಂಬಕನ ಮೇಲಿನ ಸಿಟ್ಟು ಕಮ್ಮಿಯಾಗಲಿಲ್ಲ. ಅದರ ಜೊತೆಗೆ ಇನ್ನೊಂದು ಸಿಟ್ಟು ಸೇರಿತು, ಯಾರ ಕಡೆ ತಿರುಗಬೇಕೆಂದು ಅದಕ್ಕೇ ಗೊತ್ತಿರಲಿಲ್ಲ.

ಅವತ್ತು ಅವಳು ಸಾಲನ್ನು ಬದಲಿಸಲಿಲ್ಲ. ಎರಡನೇ ಹೆಸರು ಇನ್ನೂ ಅವಳದಿತ್ತು.

ಸಂಕಿರಣದ ಪುಸ್ತಕವನ್ನು ನರಸಿಂಹರಾಜಪುರದ ಮುದ್ರಣಾಲಯಕ್ಕೆ ಕೊಟ್ಟಿದ್ದರು. ವಿಭಾಗದ ಮುಖ್ಯಸ್ಥೆ ಪದ್ಮಾಕ್ಷಿ ಮೇಡಂ ಒಂದು ಶನಿವಾರ ಅವಳನ್ನು ಕರೆದು, "ನಿಮ್ಮನೆ ದಾರಿಯಲ್ಲೇ ಅಲ್ವಾ, ಪುಸ್ತಕದ ಕಟ್ಟು ತಂದುಬಿಡು," ಎಂದರು. ದಾರಿಯಲ್ಲಿರಲಿಲ್ಲ. ಶೆಟ್ಟಿಕೊಪ್ಪ ದಾಟಿ ಮುಂದೆ ಹೋಗಬೇಕು. ಸತೀಶನಿಗೆ ಆ ಕಡೆ ಗೊಬ್ಬರದ ಬಾಡಿಗೆ ಇತ್ತು. ಅವನ ಜೊತೆ ಹೋದಳು.

ಮುದ್ರಣಾಲಯದ ಬಾಗಿಲಲ್ಲೇ ನಿಂತು ಒಂದು ಪ್ರತಿ ಬಿಚ್ಚಿದಳು. ಲೇಖನ ಇತ್ತು. ಗ್ರಾಫ್ ಇತ್ತು. ಮೇಲೆ ಎರಡು ಹೆಸರಿದ್ದವು: ತ್ರ್ಯಂಬಕ, ಪದ್ಮಾಕ್ಷಿ. ಕೊನೆಯಲ್ಲಿ ಚಿಕ್ಕ ಅಕ್ಷರದಲ್ಲಿ, ಪ್ರಯೋಗಾಲಯದ ಸಿಬ್ಬಂದಿಗೆ ಕೃತಜ್ಞತೆಗಳು.

ಸತೀಶ ಕಟ್ಟುಗಳನ್ನು ಜೀಪಿಗೆ ತುಂಬುತ್ತಿದ್ದ. "ಎಂತ ಆಯ್ತು? ಹೆಸರು ತಪ್ಪು ಹಾಕಿದಾರಾ?"

"ಇಲ್ಲ. ಸರಿಯಾಗೇ ಹಾಕಿದಾರೆ," ಎಂದಳು.

ಸೋಮವಾರ ಅವಳು ಮೊದಲು ಮೇಡಂ ಕೋಣೆಗೆ ಹೋದಳು. ಪದ್ಮಾಕ್ಷಿ ಮೇಡಂ ಊಟದ ಡಬ್ಬಿ ಬಿಚ್ಚುತ್ತಿದ್ದರು.

"ನಂಗೆ ಗೊತ್ತೇ ಇಲ್ಲ ಮಾರಾಯ್ತಿ. ತ್ರ್ಯಂಬಕನೇ ಹಾಕಿದ್ದು. ಮಾರ್ಗದರ್ಶಕರ ಹೆಸರು ಇರಬೇಕು ಅಂತ ನಿಯಮವಂತೆ."

"ಮೂರು ಹೆಸರು ಹಾಕಬಹುದಿತ್ತು ಮೇಡಂ. ಬೇರೆ ಲೇಖನದಲ್ಲಿ ಮೂರು ಇದೆ."

"ಅವ್ರೆಲ್ಲ ಉಪನ್ಯಾಸಕರು. ನಿಂದು ಹಾಕಿದ್ರೆ ನಾಳೆ ಜೆರಾಕ್ಸ್ ಮಾಡಿದೋನೂ ಕೇಳ್ತಾನೆ." ಮೇಡಂ ನಕ್ಕು, ಅವಳು ನಗದಿದ್ದುದನ್ನು ಕಂಡು ನಗು ನಿಲ್ಲಿಸಿದರು. "ಜೂನ್ ಆರ್ಡರ್ ಬರೋ ಹೊತ್ತು. ಸುಮ್ನಿರು."

ತ್ರ್ಯಂಬಕ ಇನ್ನೂ ಸರಳವಾಗಿ ಹೇಳಿದ. "ನೀನು ಸರಾಸರಿ ಸುಳ್ಳು ಅಂದೆ. ಸುಳ್ಳಿಗೆ ನಿನ್ನ ಹೆಸರು ಎಂತಕ್ಕೆ ಹಾಕ್ಲಿ? ನಿಂಗೇ ಒಳ್ಳೇದು ಮಾಡಿದೀನಿ."

ಮಾತು ನೆಟ್ಟಗೇ ಇತ್ತು. ಚೇತನಾ ಕಂಪ್ಯೂಟರ್ ಮುಂದೆ ಹೋಗಿ ಕೂತಳು. ಹಳೆಯ ಪ್ರೋಗ್ರಾಂ ಹಾಗೇ ಇಟ್ಟು ಅದರ ಇನ್ನೊಂದು ಪ್ರತಿ ಮಾಡಿದಳು. ಪ್ರತಿಯಲ್ಲಿ ಆ ಸಾಲು ಅಳಿಸಿ ಬೇರೆ ಬರೆದಳು: ಯಾವುದು ಆಮೇಲೆ ಹೊರಟಿದ್ದೋ ಅದು ಹಿಂದೆ ಹೋಗಲಿ, ಮೊದಲು ಹೊರಟಿದ್ದು ಮೊದಲು ದಾಟಲಿ. ಓಡಿಸಿದಳು. ಸೊನ್ನೆಯ ಸಂದೇಶಗಳು ತಲುಪತೊಡಗಿದವು. ತುಂಬ ಹೊತ್ತು ಕಾದು ತಲುಪಿದ್ದರಿಂದ ಸರಾಸರಿ ಏರಿತು. ಸಂದಣಿ ಹೆಚ್ಚಿಸಿದಾಗ ತ್ರ್ಯಂಬಕನ ಕ್ರಮ, ಅಡ್ಡ ಹೋಗಿ ಉದ್ದ ಹೋಗುವ ಹಳೆಯ ಕ್ರಮಕ್ಕಿಂತ ಹಿಂದೆ ಬಿತ್ತು. ಫಲಿತಾಂಶವನ್ನು ಅಚ್ಚು ತೆಗೆದು ಅವನ ಮೇಜಿನ ಮೇಲಿಟ್ಟಳು. ಸಂಜೆ ಹೊತ್ತಿಗೆ ಆ ಕಾಗದದ ಹಿಂಭಾಗದಲ್ಲಿ ಯಾವುದೋ ತರಗತಿಯ ಹಾಜರಿ ಗೀಚಿದ್ದು ಕಾಣಿಸಿತು.

ಸಂಕಿರಣದ ದಿನ ಸಭಾಂಗಣದಲ್ಲಿ ಫ್ಯಾನುಗಳು ಓಡುತ್ತಿದ್ದವು, ಜನರೇಟರ್ ತಯಾರಿತ್ತು. ಆಡಳಿತ ಮಂಡಳಿಯವರು ಮುಂದಿನ ಸಾಲಿನಲ್ಲಿ ಕೂತಿದ್ದರು. ಶಿವಮೊಗ್ಗದಿಂದ ಒಬ್ಬ ಪ್ರಾಧ್ಯಾಪಕರು ಅಧ್ಯಕ್ಷತೆಗೆ ಬಂದಿದ್ದರು. ವಯಸ್ಸಾದವರು, ಅರ್ಧ ಕಣ್ಣು ಮುಚ್ಚಿ ಕೇಳುವವರು. ಚೇತನಾಗೆ ವೇದಿಕೆಯ ಪಕ್ಕದಲ್ಲಿ ಕಂಪ್ಯೂಟರ್ ಮುಂದೆ ಜಾಗ. ತ್ರ್ಯಂಬಕ ಹೇಳಿದಾಗ ಚಿತ್ರ ಬದಲಿಸುವುದು ಅವಳ ಕೆಲಸ.

ಅವನು ಚೆನ್ನಾಗಿ ಮಾತಾಡಿದ. ಗ್ರಾಫ್ ಬಂದಾಗ ಸೋದರಮಾವ ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಮಾತು ಮುಗಿದ ಮೇಲೆ ಪ್ರಾಧ್ಯಾಪಕರು ಕಣ್ಣು ಬಿಟ್ಟರು.

"ಒಂದೇ ಚಾನೆಲ್‌ನಲ್ಲಿ ಇಷ್ಟು ಸಂದಣಿಗೆ ಇಷ್ಟು ಕಡಿಮೆ ಬರೋದು ನಾನು ನೋಡಿಲ್ಲ. ಇಲ್ಲೇ ಒಂದು ಸಲ ಓಡಿಸಿ ತೋರಿಸ್ತೀರಾ?"

"ಖಂಡಿತ ಸರ್. ಚೇತನಾ, ಓಡಿಸು."

ಚೇತನಾ ಕೀಲಿಮಣೆಯ ಮೇಲೆ ಕೈಯಿಟ್ಟಳು. ಎದ್ದು ನಿಲ್ಲಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಕೇಳಿದಳು:

"ಯಾವುದು ಓಡಿಸ್ಲಿ ಸರ್? ಯಾವಾಗ್ಲೂ ಸೊನ್ನೆಯೇ ಹಿಂದೆ ಹೋಗೋದಾ, ಮೊದಲು ಹೊರಟೋರು ಮೊದಲು ಹೋಗೋದಾ?"

ತ್ರ್ಯಂಬಕ ತಟ್ಟನೆ ಅವಳ ಕಡೆ ತಿರುಗಿದ. "ಲೇಖನದಲ್ಲಿ ಇರೋದು," ಎಂದ.

"ಏನಮ್ಮ, ಎರಡಿದೆಯಾ?" ಪ್ರಾಧ್ಯಾಪಕರು ಕುರ್ಚಿ ಸರಿಸಿ ಪರದೆಯ ಕಡೆ ತಿರುಗಿದರು. "ಎರಡೂ ಓಡಿಸಿ. ಯಾವ ಮನೆಯಿಂದ ಎಷ್ಟು ತಲುಪ್ತು ಅಂತಾನೂ ತೋರಿಸಿ."

ಎರಡೂ ಓಡಿದವು. ಹಿಂದಿನ ಸಾಲಿನ ವಿದ್ಯಾರ್ಥಿಗಳು ಏನೋ ನಡೆಯುತ್ತಿದೆ ಎಂದು ಗೊತ್ತಾಗಿ ಕತ್ತು ಉದ್ದ ಮಾಡಿದರು. ಪ್ರಾಧ್ಯಾಪಕರು ಮೊದಲ ಕೋಷ್ಟಕದಲ್ಲಿ ಸೊನ್ನೆಯ ಸಾಲಿಗೆ ಬೆರಳು ತೋರಿಸಿದರು.

"ತಲುಪದ್ದನ್ನ ಬಿಟ್ಟು ಲೆಕ್ಕ ಹಾಕಿದ್ರೆ ನಮ್ಮೂರ ಬಸ್ಸೂ ಯಾವತ್ತೂ ತಡ ಇಲ್ಲ," ಎಂದರು. ಕೆಲವರು ನಕ್ಕರು. "ಈ ನಿಯಮ ಬರೆದೋರು ಯಾರು? ಚಿಕ್ಕ ನಂಬರ್ ಯಾವಾಗ್ಲೂ ಹಿಂದೆ ಹೋಗ್ಬೇಕು ಅನ್ನೋದು?"

"ಇವಳು ಸರ್," ತ್ರ್ಯಂಬಕ ತಕ್ಷಣ ಹೇಳಿದ. "ಪ್ರೋಗ್ರಾಂ ಪೂರ್ತಿ ಚೇತನಾಳದ್ದೇ."

ಪುಸ್ತಕದಲ್ಲಿ ಇಲ್ಲದ ಹೆಸರು ಈಗ ಬಂತು.

"ಹೌದು ಸರ್. ನಾನೇ ಬರೆದಿದ್ದು," ಎಂದಳು ಚೇತನಾ.

"ಎಂಥ ನಿಯಮ ಅಮ್ಮ ಇದು? ಮೊದಲ ವರ್ಷದೋರೂ ಹೀಗೆ ಬರೆಯಲ್ಲ. ಇದನ್ನ ಬರೆಯಕ್ಕೆ ನಿಮಗೆ ಹೇಗೆ ತೋಚಿತು?"

ಅವಳು ಉತ್ತರ ಕೊಡುವುದಿದ್ದರೆ ಮೋರಿಯಿಂದ ಶುರು ಮಾಡಬೇಕಿತ್ತು. ಪ್ರಾಧ್ಯಾಪಕರು ತಲೆ ಅಲ್ಲಾಡಿಸಿ, ಈ ಲೇಖನದ ತೀರ್ಮಾನ ನಿಲ್ಲುವುದಿಲ್ಲ ಎಂದು ಬರೆದುಕೊಂಡು, ಮುಂದಿನವರನ್ನು ಕರೆದರು. ಮುಂದಿನವರು ಬ್ಯಾಂಕುಗಳಲ್ಲಿ ಕಂಪ್ಯೂಟರ್ ಬಳಕೆಯ ಬಗ್ಗೆ ಓದಿದರು.

ಊಟದ ಹೊತ್ತಿಗೆ ಪದ್ಮಾಕ್ಷಿ ಮೇಡಂ ಅವಳನ್ನು ಕೈತೊಳೆಯುವ ನಲ್ಲಿಯ ಹತ್ತಿರ ಹಿಡಿದರು.

"ಏನು ಗಳಿಸಿದೆ? ಅವನ ಮರ್ಯಾದೆ ತೆಗೆದೆ, ನಿಂದೂ ಉಳೀಲಿಲ್ಲ. ನನ್ನ ಹೆಸರೂ ಇತ್ತು ಅದರಲ್ಲಿ."

"ನಿಮ್ಮ ಹೆಸರು ಹೇಗೆ ಬಂತು ಅಂತ ನಿಮಗೇ ಗೊತ್ತಿರಲಿಲ್ಲ ಅಂದ್ರಿ ಮೇಡಂ."

"ನಾಲಿಗೆ ನೋಡು. ಜೂನ್‌ಗೆ ಬರಬೇಡ. ಆರ್ಡರ್ ಬರಲ್ಲ. ಈಗ್ಲೇ ಹೇಳಿದೀನಿ, ಆಮೇಲೆ ಕಾದು ಕೂತೆ ಅನ್ನಬೇಡ."

ತ್ರ್ಯಂಬಕ ಅವಳ ಹತ್ತಿರ ಬರಲಿಲ್ಲ. ಮೆಟ್ಟಿಲ ಹತ್ತಿರ ಸೋದರಮಾವನ ಪಕ್ಕ ನಿಂತು ಐಸ್‌ಕ್ರೀಮ್ ತಿನ್ನುತ್ತಿದ್ದ. ಅವಳು ದಾಟುವಾಗ ಮಾತ್ರ, ಮಾವನಿಗೆ ಹೇಳುವ ಹಾಗೆ, "ಇವರನ್ನೆಲ್ಲ ಪಕ್ಕದಲ್ಲಿ ಕೂರಿಸ್ಕೊಂಡಿದ್ದೇ ತಪ್ಪು," ಎಂದ. ಅವಳು ನಿಂತು, "ಕೂರಿಸ್ಕೊಂಡಿಲ್ಲ ಸರ್, ನೀವೇ ಬಂದು ಕೂತಿದ್ರಿ," ಎಂದು ಹೇಳಿ ಹೋದಳು.

ಸತೀಶ ಬಸ್ ನಿಲ್ದಾಣದ ಹತ್ತಿರ ಕಾಯುತ್ತಿದ್ದ. ಜೀಪಿನ ಹಿಂದೆ ಖಾಲಿ ಗೋಣಿಚೀಲಗಳು. ಶೆಟ್ಟಿಕೊಪ್ಪ ಬರುವವರೆಗೆ ಅವಳು ನಡೆದದ್ದನ್ನು ಹೇಳಿ ಮುಗಿಸಿದಳು. ಅವನು ಕೊನೆಗೆ ಒಂದೇ ಕೇಳಿದ.

"ಅಂದ್ರೆ ಜೂನ್‌ಗೆ ಕೆಲಸ ಇಲ್ಲ."

"ಇಲ್ಲ."

"ಸುಮ್ನಿದ್ದಿದ್ರೆ ಇರ್ತಿತ್ತು."

"ಇರ್ತಿತ್ತು."

ಜೀಪು ಕೇರಿಯ ರಸ್ತೆಗೆ ತಿರುಗಿತು. ಮೋರಿಯನ್ನು ಮುಕ್ಕಾಲು ದಾಟಿದ್ದರು. ಎದುರಿಂದ ಬಿಳಿ ಕಾರು ಬಂದು ಮೋರಿಯ ಬಾಯಲ್ಲಿ ನಿಂತಿತು. ಅದರ ಹಿಂದೆ ರಸ್ತೆ ಅಗಲವಾಗಿತ್ತು, ಖಾಲಿ ಇತ್ತು. ಸತೀಶ ಗೇರಿಗೆ ಕೈ ಹಾಕಿದ. ಅವನ ಕೈಯ ಮೇಲೆ ಚೇತನಾ ಕೈಯಿಟ್ಟಳು.

"ಯಾರು ಮೊದಲು ಬಂದಿದ್ದು?"

"ಕೈ ತೆಗಿ ಚೇತು."

"ಯಾರು ಮೊದಲು ಬಂದಿದ್ದು ಹೇಳಣ್ಣ."

"ನಾವು. ಈಗೆಂತ?"

"ಅವ್ರು ಎರಡು ಮಾರು ಹಿಂದೆ ಹೋದ್ರೆ ಸಾಕು. ನಾವು ಹಲಸಿನ ಮರದ ತನಕ ಹೋಗ್ಬೇಕು."

"ನಾಳೆ ಅವ್ರ ಗೊಬ್ಬರ ಹೊರೋದು ಇದೇ ಜೀಪು," ಸತೀಶ ಹಲ್ಲು ಕಚ್ಚಿ ಹೇಳಿದ. "ನಿನ್ನ ಕೆಲಸ ನೀನು ಕಳ್ಕೊಂಡೆ, ಆಯ್ತು. ನಂದೂ ಕಳೀಬೇಡ. ನಿನ್ನ ಕಂಪ್ಯೂಟರಲ್ಲಿರೋ ಸೊನ್ನೆಗೆ ಹೊಟ್ಟೆ ಇಲ್ಲ."

ಕಾರು ಒಮ್ಮೆ ಹಾರ್ನ್ ಹಾಕಿತು. ಇಷ್ಟು ವರ್ಷದಲ್ಲಿ ಅದು ಹಾರ್ನ್ ಹಾಕಬೇಕಾಗಿ ಬಂದಿರಲಿಲ್ಲ.

ಚೇತನಾ ಕೈ ತೆಗೆದಳು. ಬಾಗಿಲು ತೆರೆದು ಮೋರಿಯ ಮೇಲೆ ಇಳಿದಳು. ಜೀಪಿಗೂ ತಡೆಗೋಡೆಗೂ ನಡುವೆ ಒಬ್ಬರು ಅಡ್ಡವಾಗಿ ಹೋಗುವಷ್ಟೇ ಜಾಗ. ಸೀರೆ ಎತ್ತಿ ಹಿಡಿದು ದಾಟಿ, ಕಾರಿನ ಪಕ್ಕಕ್ಕೆ ಬಂದಳು. ಕಲ್ಲೇಶಪ್ಪ ಗಾಜು ಇಳಿಸಿದರು.

"ಎಂತ, ಜೀಪು ಕೆಟ್ಟೋಯ್ತಾ?"

"ಇಲ್ಲ. ಜೀಪು ಸರಿ ಇದೆ."

"ಮತ್ತೆ ಎಂತಕ್ಕೆ ನಿಂತಿದಾನೆ?"

"ನೀವು ಎಂತಕ್ಕೆ ನಿಂತಿದೀರಿ ಅಂತ ನೋಡಕ್ಕೆ," ಎಂದು ಚೇತನಾ ಮುಂದೆ ನಡೆದಳು.

ಅವರು ಏನಾದರೂ ಹೇಳಿದರೋ ಇಲ್ಲವೋ ಅವಳಿಗೆ ಕೇಳಿಸಲಿಲ್ಲ. ಹಿಂದೆ ಜೀಪಿನ ಗೇರು ಕರಕರ ಎಂದಿತು. ರಿವರ್ಸಿನ ಸದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದು ಮೋರಿ ಮುಗಿಸಿ, ಮಣ್ಣಿನ ಮೇಲೆ ಹಲಸಿನ ಮರದ ಕಡೆ ಹೋಗುವುದನ್ನು ಕೇಳುತ್ತ ನಡೆದಳು. ತಿರುಗಿ ನೋಡಲಿಲ್ಲ. ಮನೆ ಇನ್ನೂ ದೂರವಿತ್ತು. ಅಣ್ಣ ಬಂದು ಹಾರ್ನ್ ಹಾಕಿದರೂ ಹತ್ತುವುದಿಲ್ಲ ಎಂದು ಅಷ್ಟರಲ್ಲಿ ಅವಳು ತೀರ್ಮಾನಿಸಿಯಾಗಿತ್ತು.